ಪಾರಿಶ್ವಾಡದ ಹಣಮಪ್ಪನ ದಾವೆ

"ಇನ್ನೊಂದ ಸಲ ಒದರಿ ತೋರಸಲೇನು?" ತ್ರ್ಯಂಬಕ ಗಂಟಲು ನೀವಿಕೊಂಡ.

"ಬ್ಯಾಡೋ ಮಾರಾಯಾ. ಅಪ್ಪಾ ಅಂಗಳದಾಗ ಅದಾರ. ಹೊತ್ತಿಗಿ ಸರಿಯಾಗಿ ಒದರಿದ್ರ ಸಾಕು," ಎಂದ ಮಹಾವೀರ, ರುಮಾಲು ಸರಿಪಡಿಸಿಕೊಳ್ಳುತ್ತ.

ಸುಳ್ಳು ದಾವೆಯೊಂದರ ಖರೇ ಕತೆ ಇದು. ಪ್ರಮಾಣ ಮಾಡಿ ಹೇಳಬಹುದಿತ್ತು. ಆದರೆ ನಡೆದದ್ದೇ ಪ್ರಮಾಣ ಮಾಡಿ ಸುಳ್ಳು ಹೇಳುವ ಜಾಗದಲ್ಲಿ.

೧೯೨೬ರಲ್ಲಿ ಖಾನಾಪುರ ಕೋರ್ಟಿನ ವಕೀಲರ ಕೋಣೆಯಲ್ಲಿ ಕುರ್ಚಿ ಐದು, ವಕೀಲರು ಹನ್ನೊಂದು. ಹಿರಿಯರು ಕುಳಿತು ಕಾನೂನು ಓದಿದರೆ ಉಳಿದವರು ಗೋಡೆಗೆ ಆನಿಕೊಂಡು ಓದುತ್ತಿದ್ದರು. ಮಹಾವೀರನದು ಗೋಡೆಯ ವಕೀಲಿ. ಎರಡು ವರ್ಷಗಳಲ್ಲಿ ಅವನ ಕರಿಕೋಟಿನ ಬೆನ್ನು ಸುಣ್ಣ ಹತ್ತಿ ಬೆಳ್ಳಗಾಗಿತ್ತು. ಖಟ್ಲೆ ಮಾತ್ರ ಒಂದೂ ಹತ್ತಿರಲಿಲ್ಲ.

ಅವನ ತಂದೆ ತಾತ್ಯಾಸಾಹೇಬರು ದಾಯಾದಿಗಳೊಡನೆ ಆಸ್ತಿಯ ಭಾವಕಿ ದಾವೆಗಾಗಿ ಹನ್ನೆರಡು ವರ್ಷ ಬೆಳಗಾವಿಯ ಕೋರ್ಟು ತಿರುಗಿದವರು. "ನಾ ಹೊರಗ ನಿಂತೆ. ನನ್ನ ಮಗಾ ಒಳಗ ನಿಲ್ಲಬೇಕು," ಎಂದು ಮಗನನ್ನು ಎಲ್‌ಎಲ್.ಬಿ. ಓದಿಸಿದ್ದರು. ಪ್ರತಿ ರವಿವಾರ ಮಗ ಮನೆಗೆ ಹೋದಾಗ "ಈ ವಾರ ಏನ ನಡೀತು?" ಎಂದು ಕೇಳುವರು. ಅವನೂ ಏನಾದರೊಂದು ಕಟ್ಟಿ ಹೇಳುವನು. ಹಾಗೆ ಕಟ್ಟಿದ್ದರಲ್ಲಿ ಪಾರಿಶ್ವಾಡದ ಹಣಮಪ್ಪನ ಹೊಲದ ಬದುವಿನ ದಾವೆ ಮುದುಕರಿಗೆ ಎಷ್ಟು ಹಿಡಿಸಿತೆಂದರೆ, ಇಂದು ಮುಂಜಾನೆ ರೈಲಿನಲ್ಲಿ ಅದನ್ನು ಕೇಳಲು ಬಂದೇ ಬಿಟ್ಟಿದ್ದರು. ಬಗಲಲ್ಲಿ ಧೋತರದಲ್ಲಿ ಸುತ್ತಿದ ಚಪ್ಪಟೆ ಗಂಟೊಂದಿತ್ತು.

ಮಹಾವೀರನ ಕಿಸೆಯಲ್ಲಿ ಒಂದು ಕಾಗದವಿತ್ತು. ಮಾಮಲೇದಾರ ಕಚೇರಿಯಲ್ಲಿ ಕಾರಕೂನನ ಜಾಗ. ಮ್ಯಾಟ್ರಿಕ್ ಆದವನಿಗೂ ಸಿಗುವಂಥದು. ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕು. ಒಂದು ಖಟ್ಲೆ ಅಪ್ಪನ ಕಿವಿಗೆ ಬೀಳಲಿ, ಆ ಖುಷಿಯಲ್ಲಿ ಇದನ್ನೂ ಹೇಳಿಬಿಡುವೆನೆಂದು ಅವನು ಲೆಕ್ಕ ಹಾಕಿದ್ದ. ನ್ಯಾಯಾಧೀಶರು ಮಧ್ಯಾಹ್ನದ ಫರಾಳಕ್ಕೆ ಎದ್ದಾಗ, ಯಾರ ಧ್ವನಿಯನ್ನಾದರೂ ತೆಗೆಯುವ ಗೆಳೆಯ ತ್ರ್ಯಂಬಕ, ಕೋರ್ಟಿನ ಕರೆ ಕೂಗುವ ಪಟ್ಟೇವಾಲಾ ಭರಮಣ್ಣನ ಧ್ವನಿಯಲ್ಲಿ ಗೋಡೆಯ ಹಿಂದಿನಿಂದ ಕರೆಯುವುದು. ಮಹಾವೀರ ಒಳಗೆ ಓಡಿ, ತುಸು ಹೊತ್ತಿಗೆ ಬಂದು "ಮುಂದಿನ ತಾರೀಖು ಬಿತ್ತು" ಎನ್ನುವುದು. ತಾರೀಖು ಬೀಳದ ಕೋರ್ಟು ಎಲ್ಲಿದೆ?

ಕರೆ ಅದ್ಭುತವಾಗಿ ಎದ್ದಿತು. "ಹಣಮಪ್ಪಾ ಬಿನ್ ಬಸಲಿಂಗಪ್ಪಾ, ಸಾಕಿನ ಪಾರಿಶ್ವಾಡ, ಹಾಜರ್ ಹೋಽಽ!" ಭರಮಣ್ಣನ ಕೆಮ್ಮು ಸಹ ಬಿಟ್ಟಿರಲಿಲ್ಲ.

ಮಹಾವೀರ ಬಾಗಿಲಿಗೆ ಓಡಿದ. ಅಲ್ಲೇ ನಿಂತ.

ಮೆಟ್ಟಿಲ ಮೇಲೆ ತಾತ್ಯಾಸಾಹೇಬರು ಕುಳಿತಿದ್ದರು. ಬಾಜೂಕ್ಕೆ ಅವರು ಕೊಟ್ಟ ಎಲಿ ಅಡಿಕಿ ಮೆಲ್ಲುತ್ತ ಸಾಕ್ಷಾತ್ ಭರಮಣ್ಣ. ತಾತ್ಯಾಸಾಹೇಬರು ಹನ್ನೆರಡು ವರ್ಷ ಪಕ್ಷಗಾರರಾಗಿದ್ದವರು. ಕೋರ್ಟಿಗೆ ಹೋದೊಡನೆ ಮೊದಲು ಪಟ್ಟೇವಾಲಾನ ಕೈಗೆ ವೀಳ್ಯ ಇಡಬೇಕೆಂಬ ರೂಢಿಯನ್ನು ಮರೆತಿರಲಿಲ್ಲ. ಮಗ ಮರೆತಿದ್ದ. ಅವನಿಗೆ ಪಕ್ಷಗಾರರೇ ಇರಲಿಲ್ಲವಲ್ಲ!

"ಇದೇನ್ರೀ ಯಜಮಾನ್ರ," ಭರಮಣ್ಣ ಬೆರಗಾಗಿ ಎದ್ದ. "ನಾ ಇಲ್ಲೇ ಕುಂತೇನಿ, ನನ್ನ ಧ್ವನಿ ಆ ಕಡೆ ಅಡ್ಡಾಡಾಕತ್ತೇತಿ! ಯಾವ ಹಣಮಪ್ಪ? ಹಂಥಾ ಖಟ್ಲೆನ ಇಲ್ಲಿಲ್ಲ. ಈ ಸಾಹೇಬ್ರ ಖಟ್ಲೆ ನಾ ಇನ್ನೂ ಒಂದೂ ಒದರಿಲ್ರೀ."

ಗೋಡೆಯ ಹಿಂದೆ ಎರಡನೆಯ ಕರೆ ಅರ್ಧಕ್ಕೇ ಸತ್ತಿತು. ವಕೀಲರ ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ತಾತ್ಯಾಸಾಹೇಬರು ಮಗನ ಮುಖವನ್ನೇ ನೋಡುತ್ತಿದ್ದರು. ಮಹಾವೀರ ಕಿಸೆಗೆ ಕೈ ಹಾಕಿದ. ಈಗಲೇ ಹೇಳಿಬಿಡಬೇಕು.

"ಅಪ್ಪಾ, ನಾ..."

"ಎಲಾ ಮಗನ!" ಮುದುಕರು ತೊಡೆ ತಟ್ಟಿದರು. "ಪಕ್ಷಗಾರ ಇಲ್ಲ, ಹೊಲಾ ಇಲ್ಲ, ಬದುವೂ ಇಲ್ಲ. ಎರಡ ವರ್ಷ ಖಟ್ಲೆ ನಡಸಿ ನನ್ನಂಥಾ ಹಳೇ ದಾವೇಗಾರನ್ನ ನಂಬಿಸಿದ್ಯಲ್ಲೋ! ಇವನಿಗಿಂತಾ ದೊಡ್ಡ ವಕೀಲ ಜಿಲ್ಲಾದಾಗ ಯಾರ ಅದಾರ, ಹೇಳ್ರಿ!"

ಉಳಿದ ವಕೀಲರೆಲ್ಲ ನಕ್ಕರು, ಭರಮಣ್ಣ ನಕ್ಕ. ಎಲ್ಲರಿಗಿಂತ ಗಟ್ಟಿಯಾಗಿ ತಾತ್ಯಾಸಾಹೇಬರು ನಕ್ಕರು. ನಗುತ್ತಲೇ ಗಂಟು ಬಿಚ್ಚಿದರು. ಒಳಗೆ ಸಾಗವಾನಿ ಹಲಗೆ. ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಮಹಾವೀರನ ಹೆಸರು, ಹೆಸರಿನ ಮುಂದೆ "ವಕೀಲರು".

"ಹಿಡಿ. ಭಾರ ಐತಿ, ಎರಡೂ ಕೈಲೆ ಹಿಡಿ," ಎಂದರು.

ಮಹಾವೀರ ಕಾಗದವನ್ನು ಕಿಸೆಯಲ್ಲೇ ಬಿಟ್ಟು ಕೈ ತೆಗೆದು ಹಲಗೆ ಹಿಡಿದುಕೊಂಡ. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ, ಬೆರಳಿಗೆ ಹತ್ತಿತು. ತಾತ್ಯಾಸಾಹೇಬರು ನಗುತ್ತಲೇ ಇದ್ದರು. ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡು, ಮತ್ತೆ ನಕ್ಕರು.