ಅತಿಥಿಗೆ ನೀರು

"ಏಯ್ ಮೇವಿಸ್, ಕಿವಿಗೂ ಮಣ್ಣು ಮೆತ್ಕೊಂಡಿದ್ದೀಯಾ? ಹಬ್ಬ ನೋಡೋಕೆ ಬಸ್ಸಲ್ಲಿ ಬಂದೋರು ಒಬ್ಬರೂ ಆ ನಲ್ಲಿ ಹತ್ರ ಸುಳಿಬಾರದು ಅಂತ ಹೇಳಿದ್ನಲ್ಲ!"

ಮೇವಿಸ್ ತನ್ನ ತಂಗಿಯ ಮಗಳು ಶೆರೀಸಳ ತೋಳಿನ ಮೇಲೆ ಬಿಳಿ ಮಣ್ಣಿನ ಗೆರೆ ಎಳೆಯುತ್ತಿದ್ದಳು. ಕುಣಿತಕ್ಕೆ ಇನ್ನೂ ಅರ್ಧದಷ್ಟು ಹೆಂಗಸರು ಬಣ್ಣ ಬಳಿಸಿಕೊಳ್ಳಬೇಕಿತ್ತು. ತಲೆಯೆತ್ತದೆಯೇ ಕೇಳಿದಳು.

"ಯಾಕೆ, ನಲ್ಲಿಗೇನಾಗದೆ?"

"ಆ ನೀರು ಅವರಿಗೆ ಆಗಲ್ಲ. ಮಂತ್ರಿಗಳು ಬೇರೆ ಬಂದಿದಾರೆ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಅವರಿಗೆಲ್ಲ ಬಾಟಲಿ ತರಿಸಿದ್ದೀನಿ."

"ನಾವು ಅದ್ನೇ ಕುಡ್ಯಾದು."

"ನಿಮಗೆ ಅಭ್ಯಾಸ ಆಗಿದೆ ಬಿಡು." ನೊಣ ಓಡಿಸುವಂತೆ ಕೈ ಬೀಸಿ ಡಗ್ಲಸ್ ಹೋದ. ಮೂಲನಿವಾಸಿಗಳ ಆ ಕೇರಿಯ ಆಡಳಿತ ನೋಡಿಕೊಳ್ಳಲು ಸರ್ಕಾರ ಕಳಿಸಿದ ಬಿಳಿಯ ಅವನು.

ಶೆರೀಸಳ ತಾಯಿ ದೂರದ ಪಟ್ಟಣವಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರಕ್ತ ತೊಳೆಯುವ ಯಂತ್ರದ ಪಕ್ಕದಲ್ಲೇ ಬದುಕು ಕಳೆಯುತ್ತಿದ್ದಳು. ಕಿಡ್ನಿಗಳೆರಡೂ ಹೋಗಿದ್ದವು. ಕೇರಿಯಲ್ಲಿ ಅವಳಂಥವರು ಇನ್ನೂ ಇದ್ದರು. ಕೊಳವೆಬಾವಿಯ ನೀರು ಸರಿಯಿದೆಯೇ ಎಂದು ಮೇವಿಸ್ ಕೇಳಿದಾಗಲೆಲ್ಲ ಡಗ್ಲಸ್, "ನೀರಿಗೇನೂ ಆಗಿಲ್ಲ, ನಿಮ್ಮ ಕುಡಿತ ಕಮ್ಮಿ ಮಾಡ್ಕೊಳ್ಳಿ" ಎನ್ನುತ್ತಿದ್ದ. ತಂಗಿಯೋ, ಬಿಯರಿನ ವಾಸನೆ ಕಂಡರೆ ಎದ್ದು ಹೋಗುವವಳು.

"ಬೋಳಿಮಗ! ಕೇಳಿದ್ಯಾ ದೊಡ್ಡವ್ವ?" ಶೆರೀಸ್ ಧಡಕ್ಕನೆ ಎದ್ದಳು. "ನಾ ಕುಣಿಯಾಕಿಲ್ಲ. ಇವ್ನ ಹಬ್ಬಕ್ಕೆ ಬೆಂಕಿ ಬೀಳ!"

"ಕೂತ್ಕೋ. ಗೆರೆ ಸೊಟ್ಟ ಆಯ್ತದೆ. ಹಬ್ಬ ನಮ್ದು ಕಣಮ್ಮಿ, ಅವ್ನಿಗ್ಯಾಕೆ ಬಿಟ್ಕೊಡ್ತೀಯಾ?"

ಹಾಗೆಂದ ಮೇವಿಸಳೇ ಎಳೆದ ಗೆರೆ ಸೊಟ್ಟಗಾಯಿತು. ಮಣ್ಣಿನ ಡಬ್ಬಿಯನ್ನು ಇನ್ನೊಬ್ಬಳಿಗೆ ಕೊಟ್ಟು ಎದ್ದಳು. ಕಾಂಗರೂ ಬಾಲ ಸುಡುತ್ತಿದ್ದ ಗುಂಡಿಯವರೆಗೆ ಹೋದಳು, ವಾಪಸ್ ಬಂದಳು, ಕೂತಳು, ಮತ್ತೆ ಎದ್ದಳು. ಅಷ್ಟರಲ್ಲಿ ಬಸ್ಸಿನ ಬಿಳಿ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದು ಬಂದು ಶೆರೀಸಳ ಕೆನ್ನೆ ಮುಟ್ಟಿ ನೋಡಿದಳು.

"ನೀನು ಅಸಲಿ ಬುಡಕಟ್ಟಿನವಳೇನಾ? ಅಷ್ಟೊಂದು ಕಪ್ಪಿಲ್ವಲ್ಲ."

"ನಿನ್ನ ತಾತ ಈ ಕಡೆ ಬಂದೋಗಿದ್ದ ಅಂತ ಕಾಣ್ತದೆ, ಅವ್ನೇ ಕೇಳು" ಎಂದಳು ಶೆರೀಸ್. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಮೇವಿಸ್ ನಗಲಿಲ್ಲ, ನಲ್ಲಿಯ ಕಡೆ ನೋಡುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಕೋಲು ತಟ್ಟುವ ಸದ್ದು ಶುರುವಾಯಿತು. ಮಂತ್ರಿ ಕೆಂಪು ಮರಳಿನ ಕಣದ ನಡುವೆ ನಿಂತ. ಕೇರಿಯವರು ಸುತ್ತಲೂ ನೆಲದ ಮೇಲೆ ಕೂತರು. ಸ್ವಾಗತ ಹೇಳಬೇಕಾದವಳು ಕೇರಿಯ ಹಿರಿಯಳಾದ ಮೇವಿಸ್. "ಎರಡು ಮಾತು ಹೇಳು, ನಗು, ಹೋಗು" ಎಂದು ಡಗ್ಲಸ್ ಅವಳ ಕೈಗೆ ಮೈಕು ತುರುಕಿದ.

ಅವಳು ಮೈಕು ಹಿಡಿದುಕೊಂಡೇ ನಲ್ಲಿಯ ಕಡೆಯಿಂದ ಬರುತ್ತಿದ್ದ ಶೆರೀಸಳಿಗಾಗಿ ಕಾದಳು. ಶೆರೀಸಳ ಕೈಯಲ್ಲಿ ಮರದ ಬೋಗುಣಿ ತುಂಬಿ ತುಳುಕುತ್ತಿತ್ತು.

"ನಮ್ಮ ನೆಲಕ್ಕೆ ಬಂದಿದ್ದೀಯಪ್ಪ. ನಮ್ಮ ನೀರು ಕುಡಿ. ನಮ್ಮ ಮಕ್ಕಳು ಕುಡ್ಯಾ ನೀರು."

ಕ್ಯಾಮೆರಾಗಳು ಮುಂದೆ ನುಗ್ಗಿದವು. ಮಂತ್ರಿ ಭಕ್ತಿಯ ಮುಖ ಮಾಡಿ ಬೋಗುಣಿ ಎತ್ತಿ ಬಾಯಿ ತುಂಬ ಸುರಿದುಕೊಂಡ.

ಡಗ್ಲಸ್ ಎಡವುತ್ತ ಓಡಿಬಂದ. "ಸರ್, ನುಂಗಬೇಡಿ ಸರ್!"

ಮೈಕು ಮೇವಿಸಳ ಕೈಯಲ್ಲೇ ಇತ್ತು. ಆ ಮಾತು ಕಣವೆಲ್ಲ ಕೇಳಿಸಿತು. ಕೋಲುಗಳು ನಿಂತವು.

"ಅದ್ಯಾಕ್ಲಾ ನುಂಗಬಾರ್ದು?" ಕೋಲು ತಟ್ಟುತ್ತಿದ್ದ ಮುದುಕ ಕ್ಲೆಮ್ ಕೂತಲ್ಲಿಂದಲೇ ಕೇಳಿದ. "ಜೋರಾಗಿ ಹೇಳು."

ಡಗ್ಲಸ್ ಮೈಕು ಕಿತ್ತುಕೊಳ್ಳಲು ಕೈ ಚಾಚಿದ. ಮೇವಿಸ್ ಮಂತ್ರಿಯ ಬಾಯಿಗೆ ಮೈಕು ಹಿಡಿದಳು.

"ನೀನೇ ಹೇಳಪ್ಪ. ಹೆಂಗದೆ ನೀರು?"

ಮಂತ್ರಿಯ ಕೆನ್ನೆಗಳು ಉಬ್ಬಿಕೊಂಡಿದ್ದವು. ಕಣ್ಣಲ್ಲಿ ನೀರಾಡಿತು. ಉಗುಳಲು ಅವನು ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಹಿಂದೆ ನೋಡಿದ. ಎಲ್ಲ ಕಡೆ ಜನ ಕೂತಿದ್ದರು. ಯಾರೂ ಜರುಗಲಿಲ್ಲ.