ಎರವಲು ಹೋದ ಕೂಸು

ಒಂದು ರಾತ್ರಿಯ ಮಟ್ಟಿಗೆ ಎಂದು ಹೇಳಿ ಒಯ್ದ ಕೂಸನ್ನು ಮೂರನೆಯ ದಿನವೂ ತಂದುಕೊಡದಿದ್ದಾಗ ರುದೆಸಿಂದಾ ಮನೆಯಲ್ಲಿ ಉಳಿದಿದ್ದ ಮುದಿ ಕುದುರೆಗೆ ಜೀನು ಬಿಗಿದು ತಾನೇ ಪೋಸೊ ಸೆಕೊ ಊರಿಗೆ ಹೊರಟಳು. ಕೂಸು ಸತ್ತ ಕೂಸು. ಅದರ ಜೊತೆಗೆ ಹೋದ ಗಂಡ ಕಾಸಿಮಿರೊನದೂ ಪತ್ತೆಯಿರಲಿಲ್ಲ.

ಜನವರಿ ತಿಂಗಳು, ಆ ಹುಲ್ಲುಗಾವಲಿನ ಸೀಮೆಗೆ ಕಡುಬೇಸಿಗೆ. ಬೆಳಗ್ಗೆ ಕೊಯ್ದ ದನದ ಮಾಂಸವನ್ನು ಸಂಜೆಗೆ ನಾಯಿಯೂ ಮೂಸುವುದಿಲ್ಲ. ಅದು ನೆನಪಾದಾಗಲೆಲ್ಲ ಅವಳು ಕುದುರೆಯ ಪಕ್ಕೆಗೆ ಹಿಮ್ಮಡಿ ಬಡಿಯುತ್ತಿದ್ದಳು. ಮನೆಯ ಹಿಂದಿನ ಒಂಬೂ ಮರದ ಬುಡದಲ್ಲಿ ಗುಂಡಿ ತೋಡಿಯಾಗಿತ್ತು. ಗುದ್ದಲಿ ಹಿಡಿದವಳೂ ಅವಳೇ. ಮಗನನ್ನು ತಂದು ಅದರಲ್ಲಿ ಮಲಗಿಸಿ ಮಣ್ಣು ಮುಚ್ಚಬೇಕು. ಅವಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಪಾಪ ಅರಿಯದ ಕೂಸು ಕಣ್ಣು ಮುಚ್ಚಿದರೆ ಅಲ್ಲಿ ಸತ್ತಿತು ಅನ್ನುವುದಿಲ್ಲ, ದೇವದೂತನಾಯಿತು ಅನ್ನುತ್ತಾರೆ. ಬಿಳಿ ಅಂಗಿ ತೊಡಿಸಿ, ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿ, ಮೇಜಿನ ಮೇಲೆ ಕೂರಿಸಿ ಅದರ ಮುಂದೆ ಗಿಟಾರು ಬಾರಿಸಿ ಕುಣಿಯುತ್ತಾರೆ. ಹೆತ್ತವಳು ಮಾತ್ರ ಅಳಕೂಡದು. ತಾಯಿಯ ಕಣ್ಣೀರು ತಾಗಿದರೆ ರೆಕ್ಕೆ ನೆನೆದು ಭಾರವಾಗಿ, ಕೂಸು ಸ್ವರ್ಗಕ್ಕೆ ಹಾರಲಾರದೆ ನಡುವೆಯೇ ಉಳಿದುಬಿಡುತ್ತದಂತೆ. ಮಣ್ಣು ಮುಚ್ಚಿದ ಮೇಲೆ ಬೇಕಾದಷ್ಟು ಅಳಲಿ, ಬೇಡ ಅನ್ನುವವರು ಯಾರೂ ಇಲ್ಲ. ಎಂಥ ಕಟ್ಟಳೆ ಮಾಡಿಟ್ಟರಪ್ಪ! ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಹೊಗೆ ಬಿಡಬೇಡ ಅಂದ ಹಾಗೆ. ಆದರೆ ರುದೆಸಿಂದಾ ಇದನ್ನು ಎಳ್ಳಷ್ಟೂ ಅನುಮಾನವಿಲ್ಲದೆ ನಂಬಿದವಳು. ಅವಳ ತಾಯಿಯೂ ಹಾಗೇ ಹಲ್ಲು ಕಚ್ಚಿ ಇವಳ ತಮ್ಮಂದಿರನ್ನು ಕಳಿಸಿಕೊಟ್ಟಿದ್ದಳು. ಎಂಟು ತಿಂಗಳ ನಿಕಾಸಿಯೊ ಜ್ವರದಲ್ಲಿ ಬೆಂದು ಉಸಿರು ಬಿಟ್ಟಾಗ ಇವಳೂ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳೇ ಹೊರತು ಒಂದು ಹನಿ ಉದುರಿಸಲಿಲ್ಲ.

ಕೂಸಿನ ಜಾಗರಣೆ ನಡೆಸುವ ಹಕ್ಕು ಜ್ಞಾನತಂದೆಯದು, ಅಂದರೆ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿ ಹಿಡಿದವನದು. ನಿಕಾಸಿಯೊನನ್ನು ಎತ್ತಿ ಹಿಡಿದವನು ದೋನ್ ಎವಾರಿಸ್ತೊ. ಪೋಸೊ ಸೆಕೊದ ಅಂಗಡಿಯೂ ಅವನದೇ, ಅದಕ್ಕೆ ಅಂಟಿಕೊಂಡ ಹೆಂಡದ ಕಟ್ಟೆಯೂ ಅವನದೇ. ದೇವದೂತ ಇದ್ದ ಕಡೆ ಸುತ್ತಲಿನ ದನಗಾಹಿ ಗೌಚೊಗಳೆಲ್ಲ ಕುದುರೆ ಏರಿ ಬರುತ್ತಾರೆ. ಬಂದವರು ಒಣಗಿದ ಗಂಟಲಲ್ಲಿ ಕುಣಿಯುತ್ತಾರೆಯೇ? ಅವನು ಗಾಡಿ ತಂದು ಕೂಸನ್ನು ಕೇಳಿದಾಗ ಕಾಸಿಮಿರೊ ಇಲ್ಲ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಹಿಂದಿನ ವರ್ಷ ನ್ಯಾಯಾಧಿಕಾರಿಯ ಸಿಪಾಯಿಗಳು ಬಡವರನ್ನು ಹಿಡಿದು ಹಿಡಿದು ಗಡಿಯ ಕೋಟೆಗೆ ಕಾದಾಡಲು ಅಟ್ಟುತ್ತಿದ್ದಾಗ, 'ಇವನು ನಮ್ಮವನು, ಬಿಡಿ' ಎಂದು ಕಾಸಿಮಿರೊನನ್ನು ಉಳಿಸಿದ್ದು ದೋನ್ ಎವಾರಿಸ್ತೊನ ಒಂದು ಮಾತು. ಕೋಟೆಗೆ ಹೋದವರಲ್ಲಿ ತಿರುಗಿ ಬಂದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಪೋಸೊ ಸೆಕೊ ಎಂದರೆ ಏನು ಮಹಾ ಊರು! ಎರಡು ಸಾಲು ಮಣ್ಣಿನ ಮನೆ, ವರ್ಷಕ್ಕೊಮ್ಮೆ ಪಾದ್ರಿ ಬಂದುಹೋಗುವ ಚರ್ಚು, ನ್ಯಾಯಾಧಿಕಾರಿಯ ಕಚೇರಿ, ದೋನ್ ಎವಾರಿಸ್ತೊನ ಅಂಗಡಿ. ನಡುಮಧ್ಯಾಹ್ನ, ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಅಂಗಡಿಯ ಮುಂದಿನ ಗೂಟಗಳಲ್ಲಿ ಮಾತ್ರ ಕುದುರೆಗಳು ಒತ್ತೊತ್ತಾಗಿ ನಿಂತಿದ್ದವು. ಒಳಗಿನಿಂದ ಗಿಟಾರು ಕೇಳಿಸುತ್ತಿತ್ತು. ಮನೆಯವರು ಇಳಿ ಅನ್ನುವವರೆಗೆ ಕುದುರೆಯಿಂದ ಇಳಿಯಬಾರದಲ್ಲ, ರುದೆಸಿಂದಾ ಬಿಸಿಲಲ್ಲೇ ಕಾದಳು.

ಬಾಗಿಲಿಗೆ ಬಂದವಳು ದೋನ್ ಎವಾರಿಸ್ತೊನ ಹೆಂಡತಿ, ಕೂಸಿನ ಜ್ಞಾನತಾಯಿ ದೋನ್ಯಾ ತ್ರಾನ್ಸಿತೊ. ದುಂಡಗಿನ ಹೆಂಗಸು, ಕಿವಿಯಲ್ಲಿ ದೊಡ್ಡ ಓಲೆ.

"ಅಯ್ಯೋ ಬಾ ತಂಗಿ, ಇಳಿ ಇಳಿ! ನಿನ್ನಂಥ ಪುಣ್ಯವಂತೆ ಯಾರಿದಾರೆ ಹೇಳು! ಸ್ವರ್ಗದಲ್ಲಿ ನಿನ್ನ ಪರ ದೇವರ ಹತ್ರ ಹೇಳೋನು ಒಬ್ಬ ಆದ್ನಲ್ಲೇ!"

"ಮಗು ಎಲ್ಲಿ ಅಕ್ಕಾ?"

"ಎಲ್ಲಿ ಅಂದ್ರೆ? ಮಹಾರಾಜನ ಹಂಗೆ ಕೂತಿದಾನೆ, ಬಂದು ನೋಡು."

ಒಳಗೆ ಹೊಗೆ, ಬೆವರು, ಜಿನ್ನಿನ ವಾಸನೆ. ಗಂಡಸರು ಟೋಪಿ ತೆಗೆದು ದಾರಿ ಬಿಟ್ಟರು. "ಶುಭವಾಗ್ಲಿ ತಾಯಿ," "ದೇವರು ಕಣ್ಬಿಟ್ಟ," ಎಂದು ಒಬ್ಬೊಬ್ಬರೂ ಕೈ ಮುಟ್ಟಿದರು. ಎಲ್ಲರ ಕೈಯೂ ಬಿಸಿಯಾಗಿತ್ತು. ಮೂಲೆಯ ಮೇಜಿನ ಮೇಲೆ, ಮೇಣದಬತ್ತಿಗಳ ನಡುವೆ, ಪುಟ್ಟ ಕುರ್ಚಿಯಲ್ಲಿ ಅವಳ ಮಗ ಕೂತಿದ್ದ. ಬಾಗಿ ಬೀಳದಿರಲೆಂದು ಎದೆಗೆ ರಿಬ್ಬನ್ನು ಸುತ್ತಿ ಕುರ್ಚಿಗೆ ಕಟ್ಟಿದ್ದರು. ಕೆನ್ನೆಗೆ ಇಟ್ಟಿಗೆ ಪುಡಿಯ ಕೆಂಪು ಬಳಿದಿದ್ದರು. ಸಕ್ಕರೆ ಅಚ್ಚಿಗೆ ಸುತ್ತಿ ಬರುವ ನೀಲಿ ಕಾಗದದ ರೆಕ್ಕೆಗಳು. ಕಾಲಡಿಗೆ ತುಳಸಿಯಂಥ ಸೊಪ್ಪನ್ನು ರಾಶಿ ಸುರಿದಿದ್ದರೂ ಅದರ ವಾಸನೆಯನ್ನು ಮೀರಿ ಇನ್ನೊಂದು ವಾಸನೆ ಬರುತ್ತಿತ್ತು. ಒಬ್ಬಳು ಹುಡುಗಿ ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು. ಮೂರು ದಿನದಿಂದ ಹಾಲು ಕಟ್ಟಿ ಕಲ್ಲಾಗಿದ್ದ ರುದೆಸಿಂದಾಳ ಎದೆ ಅವನನ್ನು ಕಂಡದ್ದೇ ಚುಳ್ ಎಂದಿತು.

ಕಾಸಿಮಿರೊ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಕೆಂಡವಾಗಿತ್ತು. ಹೆಂಡತಿಯನ್ನು ಕಂಡು ಏಳಲು ಹೋಗಿ ಮತ್ತೆ ಕೂತ.

"ಏಳ್ರೀ, ಹೋಗೋಣ. ಮಗೂನ ಕರ್ಕೊಂಡು ಹೋಗೋಣ," ಅಂದಳು.

"ಅದೇನೋ... ದೋನ್ ಎವಾರಿಸ್ತೊ ಏನೋ ಹೇಳ್ತಿದ್ರು... ಹೋಗೋಣ, ಹೋಗ್ಬಾರ್ದು ಅಂತಲ್ಲ..." ಎಂದು ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ಮೊದಲೇ ಬಾಯಿ ಸತ್ತವನು, ಈಗ ಕುಡಿದು ಇನ್ನಷ್ಟು ಸತ್ತಿದ್ದ.

ದೋನ್ ಎವಾರಿಸ್ತೊ ಕಟ್ಟೆಯ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ನಗುಮುಖದ ಮನುಷ್ಯ, ಧ್ವನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಇನ್ನೊಂದೇ ರಾತ್ರಿ ತಾಯಿ. ಕುರಿ ಉಣ್ಣೆ ಕತ್ತರಿಸೋರ ತಂಡ ಇವತ್ತು ಬರ್ತಿದೆ. ಪಾಪ, ಅಷ್ಟು ದೂರದಿಂದ ದೇವದೂತನ್ನ ನೋಡೋಕೆ ಬರ್ತಾರೆ, ಬರಿಗೈಲಿ ಕಳ್ಸೋಕಾಗುತ್ತಾ?"

"ನಾಳೆ ಕೊಡ್ತೀರಾ?"

"ನಾಳೆ..." ಅವನು ಗಡ್ಡ ಕೆರೆದುಕೊಂಡ. "ನಾಳೆ ಎಲ್ ಕರಿಸೊ ಊರಿನ ಅಂಗಡಿಯವನು ಕೇಳಿದಾನೆ. ನನ್ನ ಭಾವಮೈದ. ಮಾತು ಕೊಟ್ಬಿಟ್ಟಿದೀನಿ. ಅಲ್ಲೊಂದು ರಾತ್ರಿ ಆಗ್ಲಿ, ಆಮೇಲೆ ನಿನ್ನ ಮಗ ನಿಂಗೆ."

"ಅವನು ವಾಸನೆ ಬರ್ತಿದಾನೆ, ದೋನ್ ಎವಾರಿಸ್ತೊ!"

ಗಿಟಾರು ಒಂದು ಗಳಿಗೆ ತಡವರಿಸಿತು. ಯಾರೋ ಕೆಮ್ಮಿದರು. ದೋನ್ಯಾ ತ್ರಾನ್ಸಿತೊ ಇವಳ ತೋಳು ಹಿಡಿದು, "ಛೀ, ಬಿಡ್ತು ಅನ್ನು! ದೇವದೂತರಿಗೆ ವಾಸನೆ ಎಲ್ಲಿಂದ ಬರುತ್ತೆ? ಅದು ಸೊಪ್ಪು ಬಾಡಿದ್ದು. ಹೊಸದು ಹಾಕ್ತೀನಿ ಇರು," ಅಂದಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ! ರುದೆಸಿಂದಾ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ನೀವೇ ಹೇಳ್ರೀ. ನಿಮ್ಮ ಮಗ ಅಲ್ವಾ?"

"ಅವ್ರ ಋಣದಲ್ಲಿ ಇದೀನಲ್ಲೇ," ಅಂದ ಕಾಸಿಮಿರೊ, ಮೆಲ್ಲಗೆ.

"ಬಾ ಬಾ, ತಾಯಿ ಒಂದು ಸುತ್ತು ಕುಣಿದ್ರೇನೇ ಶುಭ," ಎಂದು ಯಾರೋ ಕೂಗಿದರು. ಉಳಿದವರು ಚಪ್ಪಾಳೆ ತಟ್ಟಿದರು. ದೋನ್ಯಾ ತ್ರಾನ್ಸಿತೊ ಇವಳ ಕೈಗೆ ಕರವಸ್ತ್ರ ತುರುಕಿ ನಡುವಿಗೆ ದಬ್ಬಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ರುದೆಸಿಂದಾ ಕುಣಿದಳು! ಎದುರಿಗೆ ಮೀಸೆಯ ಗೌಚೊ ಒಬ್ಬ ಕುದುರೆ ತಿವಿಯುವ ಮುಳ್ಳುಗಾಲಿ ಕಟ್ಟಿದ ಹಿಮ್ಮಡಿಯನ್ನು ನೆಲಕ್ಕೆ ಝಣ್ ಎಂದು ಬಡಿಯುತ್ತ ಸುತ್ತು ಬಂದ. ಇವಳು ಕರವಸ್ತ್ರ ಎತ್ತಿ ಸುತ್ತು ಬಂದಳು. ಸುತ್ತಿನಲ್ಲಿ ಒಮ್ಮೆ ಮಗನ ಮುಖ ಕಾಣುವುದು, ಒಮ್ಮೆ ಕಟ್ಟೆಯ ಬಾಟಲಿಗಳು ಕಾಣುವುದು. ಹಾಡು ಮುಗಿದಾಗ ಎಲ್ಲರೂ ಭೇಷ್ ಅಂದರು, ಲೋಟಗಳು ತುಂಬಿದವು.

"ಒಂದ್ಸಲ ಎತ್ಕೊತೀನಿ ಅಕ್ಕಾ," ಅಂದಳು.

"ಎತ್ಕೊ, ಯಾರು ಬೇಡ ಅಂದ್ರು? ಕಣ್ಣು ಮಾತ್ರ ಹುಷಾರು!" ದೋನ್ಯಾ ತ್ರಾನ್ಸಿತೊ ತಾನೇ ರಿಬ್ಬನ್ನು ಬಿಚ್ಚಿ, ರೆಕ್ಕೆ ಮುರಿಯದ ಹಾಗೆ ಕೂಸನ್ನು ಎತ್ತಿ ಕೊಟ್ಟಳು.

ಬೆಂಚಿನ ಮೇಲೆ ಕೂತು ಅವಳು ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಮುಖ ಅವನದಲ್ಲ ಅನ್ನಿಸಿತು, ಅಷ್ಟು ಬಳಿದಿದ್ದರು. ತಲೆ ತಿರುಗಿಸಿ ನೋಡಿದರೆ ಕಿವಿಯ ಹಿಂದೆ, ಯಾರೂ ತೊಳೆಯದ ಮಡಿಕೆಯಲ್ಲಿ, ಹಾಲು ಒಣಗಿದ ಪುಟ್ಟ ಹಕ್ಕಳೆ. ಕೊನೆಯ ಸಲ ಕುಡಿಸಿದಾಗ ಕಟವಾಯಿಯಿಂದ ಜಾರಿ ಹೋದ ಹಾಲು. ಅವಳದೇ ಹಾಲು. ಇವನನ್ನು ನಾಳೆ ಗಾಡಿಯಲ್ಲಿ ಹಾಕಿಕೊಂಡು ಎಲ್ ಕರಿಸೊಗೆ ಒಯ್ಯುತ್ತಾರೆ. ಅಲ್ಲಿಂದ ಇನ್ನೆಲ್ಲಿಗೋ. ಕೈಕಾಲು ಕಳಚಿ ಬೀಳುವವರೆಗೆ ಕುಣಿಯುತ್ತಾರೆ ಇವರು.

ತಾಯಿಯ ಕಣ್ಣೀರು ಬಿದ್ದ ಕೂಸನ್ನು ಇಟ್ಟುಕೊಂಡು ಯಾರೂ ಕುಣಿಯುವುದಿಲ್ಲ. ಅದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಅತ್ತರೆ ಏನಾಗುತ್ತದೆ ಅನ್ನುವುದೂ ಗೊತ್ತು. ಅವಳು ಅದನ್ನು ಒಂದಲ್ಲ, ಹತ್ತು ಸಲ ಯೋಚಿಸಿದಳು. ಆಮೇಲೆ ಮಗನನ್ನು ಬೋರಲು ಮಾಡಿ ಎದೆಗೆ ಒತ್ತಿಕೊಂಡು, ರೆಕ್ಕೆಗಳ ಮೇಲೆ ಮುಖ ಇಟ್ಟು ಅತ್ತಳು.

ಕಣ್ಣಂಚಲ್ಲಿ ಜಿನುಗುವ ಅಳುವಲ್ಲ. ಮೂರು ದಿನದಿಂದ ತಡೆದದ್ದು ಒಮ್ಮೆಗೇ ಒಡೆಯಿತು, ಗೋಳೋ ಎಂದು, ಮೂಗು ಬಾಯಿ ಎಲ್ಲ ಸುರಿಸಿಕೊಂಡು. ಕಾಗದ ನೆನೆದು ಮೆತ್ತಗಾಯಿತು. ಹಿಟ್ಟಿನ ಅಂಟು ಬಿಟ್ಟು ಒಂದು ರೆಕ್ಕೆ ಕಳಚಿ ಜೋತುಬಿತ್ತು. ನೀಲಿ ಬಣ್ಣ ಬಿಳಿ ಅಂಗಿಗೆಲ್ಲ ಇಳಿಯಿತು.

ಗಿಟಾರು ನಿಂತಿತು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಗೋಡೆಯ ಕಡೆ ಸರಿದರು. ಬೀಸಣಿಗೆಯ ಹುಡುಗಿ ಹೆದರಿ ಹೊರಗೆ ಓಡಿದಳು. "ಏನು ಮಾಡ್ಬಿಟ್ಯೇ ಪಾಪಿ! ಹೆತ್ತ ಮಗನ್ನ ನರಕದ ಬಾಗ್ಲಲ್ಲಿ ನಿಲ್ಸಿದ್ಯಲ್ಲೇ!" ಎಂದು ದೋನ್ಯಾ ತ್ರಾನ್ಸಿತೊ ತಲೆಗೆ ಕೈ ಹೊತ್ತಳು. ಅವಳ ದುಃಖವೂ ಸುಳ್ಳಲ್ಲ. ಅವಳೂ ಆ ಕೂಸಿಗೆ ತಾಯಿಯೇ ತಾನೇ. ಗೌಚೊಗಳು ಒಬ್ಬೊಬ್ಬರಾಗಿ ಟೋಪಿ ಹಾಕಿಕೊಂಡು, ತುಂಬಿದ ಲೋಟಗಳನ್ನು ಹಾಗೇ ಬಿಟ್ಟು, ಇವಳ ಕಡೆ ನೋಡದೆ ಹೊರಟುಹೋದರು. ಕುದುರೆಗಳ ಸದ್ದು ಬೀದಿಯುದ್ದಕ್ಕೂ ಕೇಳಿಸಿತು.

ದೋನ್ ಎವಾರಿಸ್ತೊ ಆಗಲೂ ಧ್ವನಿ ಏರಿಸಲಿಲ್ಲ. ಮೇಣದಬತ್ತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸಕಿ ಆರಿಸಿದ. "ಕರ್ಕೊಂಡು ಹೋಗು," ಅಂದ. ಆಮೇಲೆ ಕಾಸಿಮಿರೊನ ಕಡೆ ತಿರುಗಿ, "ಸಿಪಾಯಿಗಳು ಬಂದಾಗ ನನ್ನ ಹೆಸ್ರು ಹೇಳ್ಬೇಡ ಕಣಪ್ಪ. ನಂಗೂ ನಿಂಗೂ ಇನ್ನು ಸಂಬಂಧ ಇಲ್ಲ," ಅಂದ.

ಕಾಸಿಮಿರೊನ ಅಮಲು ಇಳಿದುಹೋಯಿತು. ಹೊರಗೆ ಹೋಗಿ ಕುದುರೆಗಳನ್ನು ತಂದ.

ರುದೆಸಿಂದಾ ಕೂಸನ್ನು ಶಾಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದಳು. ಗಂಡ ಒಂದು ಕುದುರೆಯುದ್ದ ಹಿಂದೆ ಬರುತ್ತಿದ್ದ. ಹೊಳೆ ದಾಟುವಾಗ ಅವನು ಒಮ್ಮೆಗೇ ಸಿಡಿದ.

"ನನ್ನ ಕೋಟೆಗೆ ಎಳ್ಕೊಂಡು ಹೋಗ್ತಾರೆ. ತಿಂಗಳೂ ಆಗಲ್ಲ, ನೋಡ್ತಿರು. ಗೊತ್ತಿತ್ತಾ ನಿಂಗೆ, ಅಳೋವಾಗ?"

"ಗೊತ್ತಿತ್ತು."

"ಗೊತ್ತಿದ್ದೂ ಅತ್ಯಾ?"

"ನೀವು ಒಂದೇ ಒಂದ್ಸಲ 'ನನ್ನ ಮಗನ್ನ ಕೊಡಿ' ಅಂದಿದ್ರೆ ನಾನ್ಯಾಕೆ ಅಳ್ತಿದ್ದೆ?"

ಕಾಸಿಮಿರೊ ಕುದುರೆಯನ್ನು ನೀರಿನಿಂದ ದಡಕ್ಕೆ ಹತ್ತಿಸಿದ.

ಸೂರ್ಯ ಇಳಿಯುವ ಮೊದಲು ಮನೆ ಮುಟ್ಟಿದರು. ಅವಳು ಕೂಸಿನ ಮುಖದ ಕೆಂಪನ್ನು ನೀರಿನಲ್ಲಿ ಒರೆಸಿ, ನೀಲಿಯಾದ ಅಂಗಿ ಬಿಚ್ಚಿ, ಅವನ ಹಳೆಯ ಅಂಗಿ ತೊಡಿಸಿದಳು. ಕಾಗದದ ಚೂರುಗಳನ್ನು ಒಲೆಗೆ ಹಾಕಿದಳು. ಪೆಟ್ಟಿಗೆಯಿರಲಿಲ್ಲ, ಕುರಿಯ ಚರ್ಮದಲ್ಲಿ ಸುತ್ತಿ ಗುಂಡಿಗೆ ಇಳಿಸಿದರು. ಕಾಸಿಮಿರೊ ಟೋಪಿ ಕೈಯಲ್ಲಿ ಹಿಡಿದು ಅಂಚಿನಲ್ಲಿ ನಿಂತ. ಅವನೂ ನಂಬಿದವನೇ.

"ಈಗ ಎಲ್ಲಿರ್ತಾನೆ ಅವ್ನು, ರುದೆ? ಆ ಕಡೆ ಸ್ವರ್ಗಾನೂ ಇಲ್ಲ, ಈ ಕಡೆ ಮನೇನೂ ಇಲ್ಲ. ಕತ್ತಲಲ್ಲಿ ಒಬ್ನೇ..."

ಅವಳು ಗುಂಡಿಯ ಪಕ್ಕ ಮೊಣಕಾಲೂರಿ ಕೂತಿದ್ದಳು.

"ನಾನು ಬರೋವರ್ಗೂ ಕಾಯ್ಲಿ," ಅಂದಳು. "ಎಂಟು ತಿಂಗಳ ಕೂಸು. ಅಮ್ಮನ್ನ ಬಿಟ್ಟು ಅದು ಒಂದೇ ಎಲ್ಲಿಗೆ ಹೋಗ್ಬೇಕಾಗಿತ್ತು?"

ಅಷ್ಟು ಹೇಳಿ ಒಂದು ಹಿಡಿ ಮಣ್ಣು ಹಾಕಿದಳು. ಎರಡನೆಯ ಹಿಡಿಗೆ ಅವಳ ಕೈ ಏಳಲಿಲ್ಲ. ಉಳಿದದ್ದನ್ನು ಕಾಸಿಮಿರೊ ಮುಚ್ಚಿದ.