ಕಡಲ ಬದಿಯ ಬಾವಿ

ಕಾಪುವಿನ ಕಡಲ ಬದಿಯಲ್ಲಿ ಸುತ್ತಲಿನ ಮನೆಗಳಿಗೆಲ್ಲ ಆಸ್ಯಾಳ ಬಾವಿಯೇ ಆಧಾರವಾಗಿತ್ತು. ಗಂಡ ಶೇಕಬ್ಬ ಸಾಯುವ ಮೊದಲು ಕಟ್ಟಿಸಿಹೋದ ಬಾವಿ ಅದು. ಕೊಡಪಾನ ಹಿಡಿದು ಬಂದವರನ್ನು ಅವಳು ಒಂದು ದಿನವೂ ಬರಿದೇ ಕಳಿಸಿದವಳಲ್ಲ. ಪಂಚಾಯತಿನವರು ರಸ್ತೆಯಾಚೆ ದೊಡ್ಡ ಬಾವಿ ತೋಡಿಸಿ, ಡೀಸೆಲ್ ಪಂಪು ಕೂರಿಸಿ, ಬೀದಿಗೆ ನಳ್ಳಿ ಹಾಕಿಸಿದ ಮೇಲೆ ಬರುವವರು ಕಡಿಮೆಯಾದರು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಅಂಗಳ ಮಾತ್ರ ಬಿಕೋ ಎನ್ನುತ್ತಿತ್ತು.

ಅರವತ್ತಮೂರನೆಯ ಇಸವಿಯ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಉಪ್ಪು ಹಾಕದ ಗಂಜಿ ಬಾಯಿಗೆ ಉಪ್ಪಾಯಿತು. ಬಾವಿಯ ನೀರನ್ನೇ ಕುಡಿದು ನೋಡಿದಳು. ಸಂಶಯ ಉಳಿಯಲಿಲ್ಲ. ತನ್ನಿಂದ ಎಂತಹ ತಪ್ಪಾಯಿತೋ ಎಂದು ಹೊಸ್ತಿಲಲ್ಲಿ ಕೂತು ಅತ್ತಳು. ಮರುದಿನ ತಲೆವಸ್ತ್ರವನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ಒಂದು ಕಾಲಕ್ಕೆ ತನ್ನಲ್ಲಿಗೇ ಬರುತ್ತಿದ್ದ ಹೆಂಗಸರ ಹಿಂದೆ ನಳ್ಳಿಯ ಸಾಲಿನಲ್ಲಿ ನಿಂತಳು.

ಊರವರು ಪೊರ್ಬುಗಳೆಂದು ಕರೆಯುತ್ತಿದ್ದ, ಪಂಪು ನಡೆಸುವ ಕ್ರಿಸ್ತುವ ಕಜೆಟನ್ ಅದನ್ನು ಕಂಡು ಅವಳ ಮನೆಗೇ ಬಂದ. ಬಾವಿಯ ನೀರು ಬಾಯಿಗೆ ಹಾಕಿ ನೋಡಿದ. ಆಮೇಲೆ, ಇದು ದೇವರ ಮುನಿಸಲ್ಲ, ಆಚೆ ಪಂಪಿನಿಂದ ನೀರು ಎಳೆದಷ್ಟೂ ನೆಲದಡಿಯಲ್ಲಿ ಕಡಲು ಈಚೆ ಬರುತ್ತದೆ ಎಂದು ಬಿಡಿಸಿ ಹೇಳಿದ.

ಅಂದಿನಿಂದ ಪಂಪು ಮಧ್ಯಾಹ್ನಕ್ಕೇ ನಿಲ್ಲತೊಡಗಿತು. ನಳ್ಳಿಯ ಬುಡದಲ್ಲಿ ಜಗಳ ಶುರುವಾಯಿತು. ಕಜೆಟನ್ ಸೋಮಾರಿಯೆಂದು ಜನ ಬಯ್ಯುವುದನ್ನು ಕೇಳಲಾರದೆ ಆಸ್ಯಾ ಪಂಪುಮನೆಗೆ ಹೋದಳು.

"ನನ್ನ ಒಂದು ಬಾವಿಗಾಗಿ ಇಷ್ಟು ಜನರನ್ನು ಬಾಯಾರಿಸಬೇಡಿ ಪೊರ್ಬುಗಳೇ. ನಡೆಸಿ."

"ನಿಮ್ಮ ಬಾವಿಗೆ ಮಾತ್ರ ಅಲ್ಲ ಆಸ್ಯಮ್ಮ. ಇವತ್ತು ಅಲ್ಲಿಗೆ ಬಂದ ಉಪ್ಪು ನಾಳೆ ಇಲ್ಲಿಗೂ ಬರ್ತದೆ. ಆಮೇಲೆ ಊರಿಗೆ ನೀರು ಎಲ್ಲಿ ಉಂಟು?"



"ಹಾಗಾದರೆ ನಾನು ದಿನಾ ನನ್ನ ಬಾವಿಯ ರುಚಿ ನೋಡಿ ಹೇಳ್ತೇನೆ. ಉಪ್ಪು ಏರಿದರೆ ನಿಲ್ಲಿಸಿ, ಇಳಿದರೆ ನಡೆಸಿ."

ಹಾಗೆಯೇ ನಡೆಯಿತು. ಸಾಲಿನಲ್ಲಿ ನಿಂತವರಿಗೂ ಅವಳೇ ವಿಷಯ ತಿಳಿಸಿದಳು. ಕೆಲವರಿಗೆ ಸಮಾಧಾನವಾಯಿತು, ಕೆಲವರಿಗೆ ಆಗಲಿಲ್ಲ. ಮಳೆಗಾಲದಲ್ಲಿ ಬಾವಿ ತುಂಬಿ ನೀರು ಸಿಹಿಯಾಯಿತು, ಬಿಸಿಲು ಬಲಿಯುತ್ತಲೇ ಮತ್ತೆ ಕೆಟ್ಟಿತು. ಎರಡು ವರ್ಷ ಕಳೆದು ಪಂಚಾಯತಿನವರು ಮೂಡು ಬದಿಯ ಗದ್ದೆಗಳ ಹತ್ತಿರ ಇನ್ನೊಂದು ಬಾವಿ ತೋಡಿಸಿ ನೀರಿನ ಎಳೆತವನ್ನು ಎರಡು ಬಾವಿಗಳಿಗೆ ಹಂಚಿದರು. ಊರ ನೀರು ಉಳಿಯಿತು. ಆಸ್ಯಾಳ ಬಾವಿ ಮಾತ್ರ ಬೇಸಗೆಯಲ್ಲಿ ಮೊದಲಿನ ಹಾಗೆ ಆಗಲೇ ಇಲ್ಲ. ಪಾತ್ರೆ ತೊಳೆಯಲು ಆ ನೀರು ಸಾಕಾಗುತ್ತಿತ್ತು. ಕುಡಿಯಲು ನಳ್ಳಿಗೇ ಹೋಗಬೇಕಾಯಿತು. ಹಾಗೆ ಸಾಲಿನಲ್ಲಿ ನಿಲ್ಲುವುದು ಅವಳಿಗೆ ಕೊನೆಯವರೆಗೂ ಒಗ್ಗಲಿಲ್ಲ. ಆದರೆ ಯಾರಲ್ಲೂ ಹೇಳಿಕೊಳ್ಳಲಿಲ್ಲ.